ಹಾಲು, ಅನ್ನ ಮತ್ತು ಕೂಸಿನ ಮೊದಲ ವರ್ಷ

ಆಯುರ್ವೇದವು ಬಾಲ್ಯಾವಸ್ಥೆಯನ್ನು ಆಹಾರದ ಆಧಾರದ ಮೇಲೆಯೇ ವಿಭಾಗಿಸಿದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ವರ್ಷದವರೆಗಿನ ಶಿಶುವನ್ನು ‘ಕ್ಷೀರಪ’ ಎಂದೂ, ಎರಡು ವರ್ಷದವರೆಗಿನ ಮಗುವನ್ನು ‘ಕ್ಷೀರಾನ್ನಾದ’ ಎಂದೂ, ಅನಂತರದ ವಯಸ್ಸಿನವರನ್ನು ‘ಅನ್ನಾದ’ ಎಂದೂ ಕರೆಯಲಾಗಿದೆ. ಹಾಲು ಕುಡಿಯುವವನು, ಹಾಲು ಅನ್ನ ಎರಡನ್ನೂ ಸೇವಿಸುವವನು, ಅನ್ನ ಉಣ್ಣುವವನು ಎಂಬುದು ಕ್ರಮವಾಗಿ ಇವುಗಳ ಅರ್ಥ. ಆದರೆ ಅದೇ ಸಂಹಿತೆಯ ಶಾರೀರಸ್ಥಾನವು ಆರನೆಯ ತಿಂಗಳಲ್ಲಿ ಶಿಶುವಿಗೆ ಲಘುವೂ ಹಿತವೂ ಆದ ಅನ್ನವನ್ನು ಉಣಿಸಬೇಕೆಂದು ವಿಧಿಸುತ್ತದೆ. ವರ್ಷ ತುಂಬುವವರೆಗೆ ಹಾಲು ಕುಡಿಯುವವನೆಂದು ಹೇಳಿ, ಆರನೆಯ ತಿಂಗಳಲ್ಲಿಯೇ ಅನ್ನ ಕೊಡಿರೆಂದರೆ ಹೇಗೆ ಎಂಬ ಸಂದೇಹ ಓದುಗರಲ್ಲಿ ಮೂಡುವುದು ಸಹಜ.

ಇದರಲ್ಲಿ ವಿರೋಧವೇನೂ ಇಲ್ಲ. ಮೊದಲ ವರ್ಷದಲ್ಲಿ ಹಾಲೇ ಶರೀರಕ್ಕೆ ಮುಖ್ಯಾಧಾರ. ಆದರೆ ಆರು ತಿಂಗಳ ಬಳಿಕ ಹಾಲೊಂದೇ ಸಾಲದು. ಅನ್ನವು ಹಾಲಿನ ಜಾಗವನ್ನು ಒಮ್ಮೆಲೇ ಕಿತ್ತುಕೊಳ್ಳಬಾರದು. ಹಾಲು ಕೂಡ ಅನ್ನಕ್ಕೆ ಜಾಗ ಬಿಡದೆ ಹೊಟ್ಟೆಯನ್ನು ತುಂಬಿಬಿಡಬಾರದು. ಈ ಎರಡರ ಹದವನ್ನು ತಿಂಗಳಿಂದ ತಿಂಗಳಿಗೆ ಕಾಯ್ದುಕೊಳ್ಳುವುದೇ ಶಿಶುವಿನ ಆಹಾರಕ್ರಮದ ಸಾರ.

ನಮ್ಮ ಬಳಿಗೆ ಬರುವ ಕೂಸುಗಳಲ್ಲಿ ಈ ಹದ ತಪ್ಪಿದ ಎರಡು ಬಗೆಯನ್ನು ನಾವು ಕಾಣುತ್ತೇವೆ. ಮೊದಲನೆಯದು, ಹತ್ತು ತಿಂಗಳಾದರೂ ದಿನಕ್ಕೆ ಐದಾರು ಸಲ ಬಾಟಲಿಯಲ್ಲಿ ಹಸುವಿನ ಹಾಲು ಕುಡಿಯುತ್ತ, ಅನ್ನದ ತುತ್ತು ಕಂಡೊಡನೆ ಮುಖ ತಿರುಗಿಸುವ ಕೂಸು. ನೋಡಲು ಮೈಕೈ ತುಂಬಿಕೊಂಡಿರುತ್ತದೆ. ಆದರೆ ಕಣ್ಣಿನ ಕೆಳರೆಪ್ಪೆಯನ್ನು ಸರಿಸಿ ನೋಡಿದರೆ ಬಿಳಿಚಿಕೊಂಡಿರುತ್ತದೆ. ಎರಡನೆಯದು, ‘ಇನ್ನು ಸರಿ ಶುರುವಾಯಿತಲ್ಲ’ ಎಂದು ಏಳನೆಯ ತಿಂಗಳಲ್ಲಿಯೇ ಎದೆಹಾಲು ಬಿಡಿಸಿ, ನೀರಾದ ಗಂಜಿ ಕುಡಿಸಿದ ಕೂಸು. ಇದರ ತೂಕ ಏರುವುದೇ ಇಲ್ಲ. ಎರಡೂ ಮನೆಗಳಲ್ಲಿ ಪ್ರೀತಿಗೆ ಕೊರತೆಯಿರುವುದಿಲ್ಲ. ಅಳತೆ ಮತ್ತು ಕ್ರಮಗಳು ಮಾತ್ರ ತಿಳಿದಿರುವುದಿಲ್ಲ.

ಆರು ತಿಂಗಳವರೆಗೆ

ಹುಟ್ಟಿದಂದಿನಿಂದ ಆರು ತಿಂಗಳು, ಅಂದರೆ 180 ದಿನಗಳು ತುಂಬುವವರೆಗೆ ಎದೆಹಾಲೊಂದೇ ಆಹಾರ. ಬೇಸಿಗೆಯಲ್ಲಿಯೂ ಪ್ರತ್ಯೇಕವಾಗಿ ನೀರು ಬೇಕಿಲ್ಲ; ಎದೆಹಾಲಿನ ಬಹುಭಾಗ ನೀರೇ ಆಗಿದೆ. ಸಕ್ಕರೆ ನೀರು, ಜೇನು, ಹಸುವಿನ ಹಾಲು ಇವು ಯಾವುವೂ ಸಲ್ಲವು. ವೈದ್ಯರು ಸೂಚಿಸಿದ ಔಷಧಿಗಳನ್ನು ಮಾತ್ರ ಕೊಡಬಹುದು. ತಾಯಿಗೆ ಹಾಲು ಕಡಿಮೆಯೆನಿಸಿದರೆ ಮೊದಲು ಕೂಸಿನ ತೂಕವನ್ನು ನೋಡಿಸಬೇಕು. ತೂಕ ಕ್ರಮವಾಗಿ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆಯೆಂದೇ ತಿಳಿಯಬೇಕು.

ಆರು ತಿಂಗಳ ನಂತರ ಏಕೆ ಸಾಲದು?

ಸಾಮಾನ್ಯವಾಗಿ ಕೂಸಿನ ತೂಕ ಐದಾರು ತಿಂಗಳಿಗೆ ಹುಟ್ಟುತೂಕದ ಎರಡರಷ್ಟೂ, ವರ್ಷಕ್ಕೆ ಮೂರರಷ್ಟೂ ಆಗುತ್ತದೆ. ಇಷ್ಟು ವೇಗದ ಬೆಳವಣಿಗೆ ಮನುಷ್ಯನ ಆಯುಷ್ಯದಲ್ಲಿ ಮತ್ತೆಂದೂ ಬರುವುದಿಲ್ಲ. ಗರ್ಭದಲ್ಲಿದ್ದಾಗ ತಾಯಿಯಿಂದ ಪಡೆದು ಕೂಡಿಟ್ಟುಕೊಂಡ ಕಬ್ಬಿಣಾಂಶವು ಸುಮಾರು ಆರು ತಿಂಗಳ ಹೊತ್ತಿಗೆ ಕರಗುತ್ತದೆ. ಎದೆಹಾಲು ಅಮೃತಸಮಾನವಾದರೂ ಅದರಲ್ಲಿ ಕಬ್ಬಿಣಾಂಶ ಸ್ವಲ್ಪವೇ ಇರುತ್ತದೆ. ಆದಕಾರಣ ಇಲ್ಲಿಂದ ಮುಂದೆ ಅದು ಅನ್ನದಿಂದಲೇ ದೊರೆಯಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಮೂವರಲ್ಲಿ ಇಬ್ಬರು ಎಂದಾಯಿತು. ರಕ್ತಹೀನತೆಯಿಂದ ಕೂಸು ಮಂಕಾಗುವುದಷ್ಟೇ ಅಲ್ಲ, ಮಿದುಳು ಭರದಿಂದ ಬೆಳೆಯುವ ಈ ಕಾಲದಲ್ಲಿ ಕಬ್ಬಿಣಾಂಶದ ಕೊರತೆಯು ಗ್ರಹಣಶಕ್ತಿಯ ಮೇಲೂ ಪರಿಣಾಮ ಮಾಡುತ್ತದೆ.

ಎಷ್ಟು ಹಾಲು, ಎಷ್ಟು ಅನ್ನ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ಎದೆಹಾಲು ಕುಡಿಯುವ ಕೂಸಿಗೆ ಆರರಿಂದ ಎಂಟು ತಿಂಗಳ ಅವಧಿಯಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ, ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಸುಮಾರು 300 ಕ್ಯಾಲೊರಿ, ವರ್ಷ ದಾಟಿದ ಮೇಲೆ ಸುಮಾರು 550 ಕ್ಯಾಲೊರಿ ಶಕ್ತಿ ಅನ್ನದಿಂದ ದೊರೆಯಬೇಕು. ಇದನ್ನು ಸರಳವಾಗಿ ಹೀಗೆ ಹೇಳಬಹುದು: ಮೊದಲು ಹಾಲು ಎರಡು ಪಾಲು, ಅನ್ನ ಒಂದು ಪಾಲು, ಒಂಬತ್ತು ತಿಂಗಳ ಬಳಿಕ ಹಾಲು ತುಸು ಹೆಚ್ಚು, ಅನ್ನ ತುಸು ಕಡಿಮೆ, ವರ್ಷ ತುಂಬಿದ ಮೇಲೆ ಅನ್ನದ ಪಾಲೇ ಹೆಚ್ಚು. ‘ಕ್ಷೀರಪ’ನು ‘ಕ್ಷೀರಾನ್ನಾದ’ನಾಗುವ ದಾರಿ ಇದೇ. ಶಾಸ್ತ್ರದ ವಿಭಾಗಕ್ಕೂ ಇಂದಿನ ಲೆಕ್ಕಕ್ಕೂ ಎಷ್ಟು ಹೊಂದಾಣಿಕೆಯಿದೆಯೆಂಬುದನ್ನು ಗಮನಿಸಬೇಕು.

ಬಟ್ಟಲಿನ ಅಳತೆಯಲ್ಲಿ ಹೇಳುವುದಾದರೆ, ಆರು ತಿಂಗಳು ತುಂಬಿದೊಡನೆ ಹೊತ್ತಿಗೆ ಎರಡು ಮೂರು ದೊಡ್ಡ ಚಮಚದಿಂದ ಆರಂಭಿಸಿ, ದಿನಕ್ಕೆ ಎರಡು ಮೂರು ಹೊತ್ತು ಉಣಿಸುತ್ತ, ಎಂಟು ತಿಂಗಳ ಹೊತ್ತಿಗೆ 250 ಮಿಲಿಲೀಟರಿನ ಬಟ್ಟಲಿನಲ್ಲಿ ಅರ್ಧದಷ್ಟಕ್ಕೆ ತರಬೇಕು. ಒಂಬತ್ತನೆಯ ತಿಂಗಳಿನಿಂದ ಅದೇ ಅರ್ಧ ಬಟ್ಟಲು ದಿನಕ್ಕೆ ಮೂರು ನಾಲ್ಕು ಹೊತ್ತು. ನಡುವೆ ಹಸಿದರೆ ಒಂದೆರಡು ಸಲ ಹಣ್ಣು. ಇದು ಸರಾಸರಿ ಅಳತೆ. ಒಂದು ದಿನ ಒಂದೆರಡು ಚಮಚ ಕಡಿಮೆಯಾದರೆ ಚಿಂತಿಸಬೇಕಾದುದಿಲ್ಲ.

ಅನ್ನದ ಹದ

ಕೂಸಿನ ಜಠರ ಚಿಕ್ಕದು. ಎಂಟು ಕಿಲೋ ತೂಗುವ ಕೂಸಿನ ಹೊಟ್ಟೆ ಒಂದು ಸಲಕ್ಕೆ ಸುಮಾರು 240 ಮಿಲಿಲೀಟರಿಗಿಂತ ಹೆಚ್ಚು ಹಿಡಿಯದು. ಅದನ್ನು ಬೇಳೆಯ ತಿಳಿಕಟ್ಟಿನಿಂದಲೋ ಅನ್ನ ಬಸಿದ ಗಂಜಿಯಿಂದಲೋ ತುಂಬಿದರೆ ಹೊಟ್ಟೆ ತುಂಬೀತೇ ಹೊರತು ಪೋಷಣೆಯಾಗದು. ಬೇಳೆಯ ಸತ್ವ ಬೇಳೆಯಲ್ಲಿಯೇ ಉಳಿದು, ಕೂಸಿಗೆ ಸಿಗುವುದು ಬಹುಪಾಲು ನೀರು. ಆದ್ದರಿಂದ ಬೇಳೆಯನ್ನೂ ಅನ್ನವನ್ನೂ ಚೆನ್ನಾಗಿ ಬೇಯಿಸಿ, ಕಿವುಚಿ ಉಣಿಸಬೇಕು. ಚಮಚವನ್ನು ವಾಲಿಸಿದಾಗ ಸರಕ್ಕನೆ ಜಾರಿ ಬೀಳದೆ ನಿಲ್ಲುವುದೇ ಸರಿಯಾದ ಹದ.

ಈ ದೃಷ್ಟಿಯಿಂದ ನಮ್ಮ ಹಿರಿಯರ ರಾಗಿ ಸರಿಯು ಬಹು ವಿವೇಕದ ಆಹಾರ. ರಾಗಿಯನ್ನು ತೊಳೆದು, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸುವ ಕ್ರಮವನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಮೊಳಕೆಯೊಡೆದ ಧಾನ್ಯದಲ್ಲಿ ಪಿಷ್ಟವನ್ನು ಕರಗಿಸುವ ಕಿಣ್ವ ಹುಟ್ಟುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿಯಾಗದೆ ನುಂಗಲು ಸುಲಭವಾಗಿರುತ್ತದೆ. ಧಾನ್ಯದಲ್ಲಿ ಕಬ್ಬಿಣಾಂಶವನ್ನು ಬಿಗಿಹಿಡಿದಿರುವ ಫೈಟೇಟ್ ಎಂಬ ಅಂಶವೂ ಮೊಳಕೆಯಿಂದ ಕಡಿಮೆಯಾಗುತ್ತದೆ. ಮೂರು ಪಾಲು ರಾಗಿಗೆ ಒಂದು ಪಾಲು ಹೆಸರುಬೇಳೆಯ ಹಿಟ್ಟು ಸೇರಿಸಿ, ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ ಬೆರೆಸಿದರೆ ಸಾಕು. ಸಕ್ಕರೆ ಬೆಲ್ಲಗಳ ಅಗತ್ಯವಿಲ್ಲ.

ಒಂದು ಸಲಕ್ಕೆ ಒಂದೇ ಹೊಸ ಪದಾರ್ಥವನ್ನು ಪರಿಚಯಿಸಿ, ಎರಡು ಮೂರು ದಿನ ನೋಡಿ, ಒಗ್ಗಿದ ಮೇಲೆ ಮುಂದಿನದಕ್ಕೆ ಹೋಗಬೇಕು. ಇದನ್ನೇ ಆಯುರ್ವೇದವು ‘ಸಾತ್ಮ್ಯ’ವೆನ್ನುತ್ತದೆ. ಕಾಶ್ಯಪ ಸಂಹಿತೆಯು ಆರನೆಯ ತಿಂಗಳಲ್ಲಿ ಹಣ್ಣನ್ನೂ ಹತ್ತನೆಯ ತಿಂಗಳಲ್ಲಿ ಅನ್ನವನ್ನೂ ಹೇಳಿರುವುದರ ಹಿಂದೆ ಇರುವುದು ಇದೇ ಕ್ರಮದ ದೃಷ್ಟಿ. ಹಾಗೆಂದು ಇಂದು ಧಾನ್ಯವನ್ನು ಹತ್ತನೆಯ ತಿಂಗಳವರೆಗೆ ತಡೆಯುವುದು ಸಲ್ಲದು. ಸುಶ್ರುತರ ಮಾತಿನಂತೆ ಆರು ತಿಂಗಳಿಗೇ ಆರಂಭಿಸಬೇಕು.

ಏಳೆಂಟು ತಿಂಗಳಿಗೆ ಬೇಯಿಸಿ ಕಿವುಚಿದ ಕುಂಬಳಕಾಯಿ, ಗಜ್ಜರಿ, ನುಗ್ಗೆಸೊಪ್ಪು, ಮಾಗಿದ ಬಾಳೆ, ಪಪ್ಪಾಯಿ, ಮೊಸರು ಇವೆಲ್ಲ ಸೇರಬೇಕು. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಬೇಳೆ, ಸೊಪ್ಪುಗಳಿಗೆ ನಾಲ್ಕು ಹನಿ ನಿಂಬೆರಸ ಹಿಂಡುವುದು ಬಹಳ ಪ್ರಯೋಜನಕಾರಿ; ಹುಳಿಯಲ್ಲಿರುವ ಸಿ ಜೀವಸತ್ವದಿಂದ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಒಂಬತ್ತು ತಿಂಗಳ ಬಳಿಕ ನುಣ್ಣಗೆ ಅರೆಯುವುದನ್ನು ಬಿಟ್ಟು, ತರಿತರಿಯಾಗಿ ಕಿವುಚಿ ಕೊಟ್ಟರೆ ಅಗಿಯುವ ಅಭ್ಯಾಸವಾಗುತ್ತದೆ.

ಮೊದಲು ಯಾವುದು?

ತಾಯಂದಿರು ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆಯಿದು. ಆರಂಭದ ತಿಂಗಳುಗಳಲ್ಲಿ ತೀರ ಹಸಿದ ಕೂಸಿಗೆ ಚಮಚದ ಮುಂದೆ ತಾಳ್ಮೆಯಿರುವುದಿಲ್ಲ. ಆಗ ಸ್ವಲ್ಪ ಎದೆಹಾಲು ಕುಡಿಸಿ, ಅಳು ನಿಂತ ಮೇಲೆ ಸರಿ ಉಣಿಸಬೇಕು. ಒಂಬತ್ತು ತಿಂಗಳ ನಂತರ ಈ ಕ್ರಮವನ್ನು ತಿರುಗಿಸಿ, ಊಟದ ಹೊತ್ತಿಗೆ ಮೊದಲು ಅನ್ನ, ಅನಂತರ ಹಾಲು ಎಂದು ರೂಢಿಸಬೇಕು. ಹಾಲು ಕುಡಿದು ಹೊಟ್ಟೆ ತುಂಬಿದ ಕೂಸು ಅನ್ನವನ್ನು ಒಲ್ಲೆನೆನ್ನುವುದು ಹಟವಲ್ಲ, ಹಸಿವಿಲ್ಲದಿರುವುದೇ ಅದಕ್ಕೆ ಕಾರಣ.

ಒಂಬತ್ತು ತಿಂಗಳ ಕೂಸಿನ ಒಂದು ದಿನವನ್ನು ಹೀಗೆ ಹೊಂದಿಸಬಹುದು. ಎದ್ದೊಡನೆ ಎದೆಹಾಲು. ಎಂಟು ಗಂಟೆಯ ಸುಮಾರಿಗೆ ರಾಗಿ ಸರಿ. ಮಲಗುವ ಮುನ್ನ ಎದೆಹಾಲು. ಮಧ್ಯಾಹ್ನ ಅನ್ನ, ಬೇಳೆ, ಒಂದು ತರಕಾರಿ, ತುಪ್ಪ ಸೇರಿಸಿ ಕಿವುಚಿದ ತುತ್ತು, ಬಳಿಕ ಎದೆಹಾಲು. ಸಂಜೆ ನಾಲ್ಕಕ್ಕೆ ಹಣ್ಣು. ಏಳು ಗಂಟೆಗೆ ಬೇಳೆಯಲ್ಲಿ ನೆನೆಸಿ ಮೆತ್ತಗೆ ಕಿವುಚಿದ ಇಡ್ಲಿ ಅಥವಾ ರೊಟ್ಟಿ. ರಾತ್ರಿ ಮತ್ತೆ ಎದೆಹಾಲು. ನಡುವೆ ಕೂಸು ಕೇಳಿದಾಗ ಎದೆಹಾಲನ್ನು ತಡೆಯಬೇಕಿಲ್ಲ. ಎರಡು ವರ್ಷದವರೆಗೆ, ಅದಕ್ಕೂ ಮುಂದೆ ಎದೆಹಾಲು ಮುಂದುವರಿಯಬಹುದು.

ಹಸುವಿನ ಹಾಲಿನ ವಿಚಾರ

ಮನೆಯಲ್ಲಿ ಕರೆಯುವ ಹಸುವಿದ್ದಾಗ ಕೂಸಿಗೇಕೆ ಹಾಲು ಬೇಡವೆಂದು ಹಿರಿಯರು ಕೇಳುತ್ತಾರೆ. ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ಅತ್ಯಲ್ಪ. ಇದ್ದುದೂ ಸರಿಯಾಗಿ ಮೈಗೂಡದು. ಅದನ್ನು ಹೆಚ್ಚು ಕುಡಿದ ಕೆಲವು ಶಿಶುಗಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಒಸರುವುದೂ ಉಂಟು. ಅದರ ಪ್ರೋಟೀನು ಮತ್ತು ಲವಣಗಳ ಭಾರ ಎಳೆಯ ಮೂತ್ರಪಿಂಡಗಳಿಗೆ ಹೆಚ್ಚು. ಆದ್ದರಿಂದ ವರ್ಷ ತುಂಬುವವರೆಗೆ ಅದನ್ನು ಲೋಟಗಟ್ಟಲೆ ಕುಡಿಸುವುದು ತರವಲ್ಲ. ಆಹಾರಕ್ಕೆ ಸ್ವಲ್ಪ ಬೆರೆಸುವುದರಿಂದ, ಮೊಸರು ಕೊಡುವುದರಿಂದ ತೊಂದರೆಯಿಲ್ಲ. ಯಾವುದೇ ಕಾರಣದಿಂದ ತಾಯಿಯ ಹಾಲು ದೊರೆಯದ ಕೂಸಿಗೆ ಯಾವ ಹಾಲು, ಎಷ್ಟು ಎಂಬುದನ್ನು ಮಕ್ಕಳ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಬಾಟಲಿಯ ಬದಲು ಒಳಲೆ ಅಥವಾ ಬಟ್ಟಲು ಚಮಚ ಬಳಸುವುದು ಶುದ್ಧಿಯ ದೃಷ್ಟಿಯಿಂದ ಮೇಲು.

ವರ್ಜ್ಯಗಳು

ವರ್ಷದೊಳಗೆ ಜೇನು ಕೂಡದು. ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಶಿಶುಗಳಿಗೆ ಜೇನು ನೆಕ್ಕಿಸುವ ಉಲ್ಲೇಖವಿರುವುದು ನಿಜ. ಆದರೆ ಜೇನಿನಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಕಣಗಳು ಶಿಶುವಿನ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ, ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ಘೋರ ವ್ಯಾಧಿಯನ್ನು ಉಂಟುಮಾಡಬಲ್ಲವೆಂದು ಇಂದು ತಿಳಿದಿದೆ. ತಿಳಿದ ಮೇಲೆ ಬಿಡುವುದೇ ವಿವೇಕ. ಉಪ್ಪು, ಸಕ್ಕರೆ, ಚಹಾ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಇವೂ ಬೇಡ. ಚಹಾ ಕಬ್ಬಿಣಾಂಶ ಮೈಗೂಡುವುದನ್ನು ತಡೆಯುತ್ತದೆ. ಇಡೀ ಶೇಂಗಾ, ದ್ರಾಕ್ಷಿ, ಕಡಲೆಕಾಳುಗಳು ಗಂಟಲಲ್ಲಿ ಸಿಕ್ಕಿ ಪ್ರಾಣಾಪಾಯ ತರಬಲ್ಲವು. ಜಾತ್ರೆ, ದಾಸೋಹಗಳಲ್ಲಿ ತೊಡೆಯ ಮೇಲಿನ ಕೂಸಿಗೂ ಪ್ರಸಾದ ತಿನಿಸುವ ಆಸೆ ಭಕ್ತರಿಗೆ ಸಹಜ; ಆಗ ಖಾರದ ಸಾರು, ಸಿಹಿ ಪಾಯಸಗಳ ಬದಲು ಎರಡು ಅಗುಳು ಸಪ್ಪೆ ಅನ್ನವನ್ನು ಕಿವುಚಿ ಬಾಯಿಗಿಟ್ಟರೆ ಭಕ್ತಿಗೂ ಆರೋಗ್ಯಕ್ಕೂ ಸರಿಹೋಗುತ್ತದೆ.

ಅಪ್ಪಿ ಹಿಡಿದು, ಮೂಗು ಮುಚ್ಚಿ ಉಣಿಸುವ ಪದ್ಧತಿಯನ್ನು ಪೂರ್ಣವಾಗಿ ಬಿಡಬೇಕು. ಕೂಸನ್ನು ನೆಟ್ಟಗೆ ಕೂರಿಸಿ, ಮುಖ ನೋಡಿ ಮಾತನಾಡಿಸುತ್ತ ಉಣಿಸಬೇಕು. ಬಾಯಿ ತೆರೆದರೆ ಹಸಿವು, ಮುಖ ತಿರುಗಿಸಿದರೆ ಸಾಕು. ಮೊಬೈಲು ತೋರಿಸಿ ಉಣಿಸಿದ ಕೂಸಿಗೆ ತನ್ನ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ.

ಗಮನಿಸಬೇಕಾದುದು

ಜ್ವರ, ಭೇದಿಗಳಲ್ಲಿ ‘ಲಂಘನ’ವೆಂದು ಕೂಸನ್ನು ಉಪವಾಸ ಕೆಡವಬಾರದು, ಅದು ದೊಡ್ಡವರಿಗೆ ಹೇಳಿದ ಚಿಕಿತ್ಸೆ. ಎದೆಹಾಲನ್ನು ಹೆಚ್ಚಿಸಿ, ಅನ್ನವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚಾಗಿ ಉಣಿಸಿದರೆ ಕಳೆದ ತೂಕ ಮರಳುತ್ತದೆ. ಸರಕಾರದ ಯೋಜನೆಯಂತೆ ಆರು ತಿಂಗಳು ತುಂಬಿದ ಕೂಸಿಗೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರು ಕಬ್ಬಿಣಾಂಶದ ದ್ರಾವಣ ಕೊಡುವ ವ್ಯವಸ್ಥೆಯಿದೆ. ಆಶಾ ಕಾರ್ಯಕರ್ತೆಯರನ್ನು ಕೇಳಿ ಅದನ್ನು ತಪ್ಪದೆ ಪಡೆಯಬೇಕು. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಇದು ಇನ್ನೂ ಮೊದಲೇ ಬೇಕಾಗುವುದರಿಂದ ವೈದ್ಯರ ಸಲಹೆ ಅಗತ್ಯ.

ಪ್ರತಿ ತಿಂಗಳು ಅಂಗನವಾಡಿಯಲ್ಲಿ ತೂಕ ಮಾಡಿಸಿ ಬರೆಯಿಸಬೇಕು. ಎರಡು ತಿಂಗಳು ಸತತವಾಗಿ ತೂಕ ಏರದಿದ್ದರೆ, ಅಂಗೈ, ನಾಲಗೆ, ಕಣ್ಣಿನ ರೆಪ್ಪೆ ಬಿಳಿಚಿದ್ದರೆ, ಆಡದೆ ಮಂಕಾಗಿದ್ದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕು. ಇಂತಹ ಕೂಸುಗಳನ್ನು ನಾವೂ ಅಲ್ಲಿಗೇ ಕಳುಹಿಸುತ್ತೇವೆ. ಸಕಾಲದಲ್ಲಿ ತಿಳಿದರೆ ಕಬ್ಬಿಣಾಂಶದ ಔಷಧಿ ಮತ್ತು ಆಹಾರದ ಬದಲಾವಣೆಯಿಂದ ಕೆಲವೇ ತಿಂಗಳಲ್ಲಿ ರಕ್ತ ತುಂಬಿಕೊಳ್ಳುತ್ತದೆ.

ಮನೆಯಲ್ಲಿ ಏಳೆಂಟು ತಿಂಗಳ ಕೂಸಿರುವ ಭಕ್ತರು ಇಂದೇ ಒಂದು ಕೆಲಸ ಮಾಡಲಿ. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಕೂಸು ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಹೊತ್ತು ಎಷ್ಟು ಅನ್ನ ಉಂಡಿತು ಎಂದು ಒಂದು ಹಾಳೆಯಲ್ಲಿ ಬರೆದು ನೋಡಲಿ. ಯಾವ ಕಡೆ ಕೊರತೆಯಿದೆಯೆಂಬುದು ಆ ಹಾಳೆಯಲ್ಲಿಯೇ ಕಾಣುತ್ತದೆ. ನಾಳೆಯ ಊಟದಿಂದಲೇ ಅದನ್ನು ತಿದ್ದಿಕೊಳ್ಳಬಹುದು.