ಅಂಗಡಿ ನಿಮ್ಮೊಬ್ಬರ ತಲೆಯಲ್ಲೇ ಇರದಿರಲಿ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೋ ಶಿವರಾಂಪೇಟೆಯಲ್ಲೋ ಪುಟ್ಟ ವ್ಯಾಪಾರ ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ಒಂದು ಮಾತು. ನೀವಿಲ್ಲದ ದಿನ ಅಂಗಡಿಯ ಬಾಗಿಲು ಹಾಕಬೇಕಾಗುತ್ತದೆಯೆಂದರೆ ಅದನ್ನು ಶ್ರದ್ಧೆ ಎಂದುಕೊಳ್ಳಬೇಡಿ. ಕೆಲಸದ ಹುಡುಗನಿಗೆ ನೀವಿನ್ನೂ ಏನನ್ನೂ ಕಲಿಸಿಲ್ಲ, ಅಷ್ಟೆ.

ಎನ್. ರಂಗರಾವ್ 1948ರಲ್ಲಿ ಮೈಸೂರಿನಲ್ಲಿ ಊದುಬತ್ತಿ ವ್ಯಾಪಾರ ಶುರುಮಾಡಿದರು. ಅದೇ ಇಂದಿನ ಸೈಕಲ್ ಊದುಬತ್ತಿ. ಮೂರನೇ ತಲೆಮಾರಿನವರು ಅದನ್ನು ಮುನ್ನಡೆಸುತ್ತಿದ್ದಾರೆ. ಪರಿಮಳದ ಹದ ಸ್ಥಾಪಕರ ಮೂಗಿನಲ್ಲೇ ಉಳಿದುಬಿಟ್ಟಿದ್ದರೆ ಇದು ಸಾಧ್ಯವಿತ್ತೇ?

ಸರಕು ಕೊಳ್ಳುವ ದರ, ಸಾಲದ ಪುಸ್ತಕ, ಮುನಿಸಿಕೊಂಡ ಗಿರಾಕಿಯನ್ನು ಸಮಾಧಾನಪಡಿಸುವ ಬಗೆ, ಎಲ್ಲವನ್ನೂ ಹುಡುಗನಿಗೆ ತೋರಿಸಿಕೊಡಿ. ಮೊದಮೊದಲು ತಪ್ಪುತ್ತಾನೆ. ಗಿರಾಕಿಯ ಎದುರಿಗೆ ಮಾತ್ರ ಗದರಬೇಡಿ. ಅಂಗಡಿ ಖಾಲಿಯಾದ ಮೇಲೆ ಕೂರಿಸಿಕೊಂಡು ಹೇಳಿ. ನಾಲ್ಕು ಜನರ ಮುಂದೆ ಬೈಸಿಕೊಂಡವನು ಮುಂದೆ ತಪ್ಪನ್ನು ಮುಚ್ಚಿಡಲು ಕಲಿಯುತ್ತಾನೆ.

ಹುಡುಗ ಅಂಗಡಿ ನೋಡಿಕೊಳ್ಳುವಂತಾದ ಮೇಲೆ ಸಿಕ್ಕ ಬಿಡುವಿನಲ್ಲಿ ನೀವೂ ಕಲಿಯಿರಿ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿನಿಸು ಮಾಡುವವರಿಗೆ ನಮ್ಮೂರಲ್ಲೇ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾದ ಸಂಸ್ಥೆ ಅದು. ಆಹಾರ ತಯಾರಿಕೆಯ ಅಲ್ಪಾವಧಿ ತರಬೇತಿಗಳನ್ನು ನಡೆಸುತ್ತದೆ. ದೂರದೂರದ ಜನ ಬಂದು ಕಲಿಯುವ ಜಾಗದ ಗೇಟನ್ನು ಮೈಸೂರಿಗರೇ ದಾಟದೆ ಓಡಾಡುವುದು ಕಂಡರೆ ನನಗೆ ನಿಜಕ್ಕೂ ಸಂಕಟ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ, ಯಾವ ತರಬೇತಿ ಯಾವಾಗ ಎಂದು ವಿಚಾರಿಸಿ.