ಹೆಂಚಿನ ಮಾಡಿನ ಮಸೀದಿ

“ಇದು ಮಸೀದಿಯ ಹಾಗೆ ಕಾಣುವುದೇ ಇಲ್ಲ, ಯಾರದೋ ಹಳೇ ಮನೆಯ ಹಾಗಿದೆ.” ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಳೆಯ ಮಸೀದಿಯನ್ನು ಕೆಡವಿ ಹೊಸದನ್ನು ಕಟ್ಟುವ ಪ್ರಸ್ತಾಪ ಬಂದಾಗ ಯುವಕರಿಂದ ಇಂತಹ ಮಾತು ಕೇಳಿಬರುತ್ತದೆ. ಗುಂಬಝ್, ಮಿನಾರಗಳಿಲ್ಲದ ಮಸೀದಿ ಅವರಿಗೆ ಅರೆಬರೆ ಕಟ್ಟಡ. ಹಿರಿಯರಿಗಾದರೋ ಆ ಮರದ ಕಂಬಗಳನ್ನು ಮುಟ್ಟಿದರೆ ದೀನನ್ನೇ ಮುಟ್ಟಿದಂತೆ.

ಇಬ್ಬರೂ ಒಮ್ಮೆ ಮದೀನಾದ ಕಡೆ ನೋಡಬೇಕು. ಪ್ರವಾದಿ(ಸ)ಯವರ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಅದರದೇ ಗರಿಯ ಮಾಡು. ಮಿನಾರ ಇರಲಿಲ್ಲ, ಹ. ಬಿಲಾಲ್(ರ)ರು ಪಕ್ಕದ ಮನೆಯೊಂದರ ಮೇಲೇರಿ ಫಜ್ರ್‌ನ ಅಝಾನ್ ಕೊಡುತ್ತಿದ್ದರು. ಹ. ಉಮರ್(ರ)ರು ವಿಸ್ತರಿಸಿದಾಗಲೂ ಅದೇ ಇಟ್ಟಿಗೆ, ಅದೇ ಗರಿ. ಹ. ಉಸ್ಮಾನ್(ರ)ರು ಕೆತ್ತಿದ ಕಲ್ಲು, ಗಾರೆಯಿಂದ ಕಟ್ಟಿಸಿ ಮಾಡಿಗೆ ಸಾಗುವಾನಿ ಹಾಕಿಸಿದರು. ಆಗ ಜನ ಸುಮ್ಮನಿರಲಿಲ್ಲ. ಇದ್ದಂತೆಯೇ ಇರಲಿ ಎಂದು ಆಕ್ಷೇಪಿಸಿದರೆಂದು ಹದೀಸ್ ಗ್ರಂಥಗಳಲ್ಲಿದೆ. ಆದರೆ ಆಮೇಲೆ ಹುಟ್ಟಿದವರಿಗೆ ಆ ಕಲ್ಲಿನ ಮಸೀದಿಯೇ ‘ಮೊದಲಿನದು’. ಅಲ್ಲಿ ಮಿನಾರಗಳು ಎದ್ದುದು ಉಮವೀ ಖಲೀಫ ವಲೀದರ ಕಾಲದಲ್ಲಿ.

ನಮ್ಮ ಕರಾವಳಿಯದೂ ಇದೇ ಕಥೆ. 14ನೆಯ ಶತಮಾನದಲ್ಲಿ ಇಬ್ನ್ ಬತೂತ ಫಾಕನೂರಿಗೆ, ಅಂದರೆ ನಮ್ಮ ಬಾರ್ಕೂರಿಗೆ ಬಂದಿದ್ದರು. ಹಿಂದೂ ಅರಸನ ಆ ಊರಿನಲ್ಲಿ ಹುಸೈನ್ ಎಂಬ ಮುಖಂಡರು ಕಟ್ಟಿಸಿದ ಜುಮಾ ಮಸೀದಿಯೂ ಖಾಝಿ, ಖತೀಬರೂ ಇದ್ದರೆಂದು ಅವರು ಬರೆದಿದ್ದಾರೆ. ನಾಲ್ಕು ತಿಂಗಳು ಜಡಿಮಳೆ ಸುರಿಯುವ ಈ ಕರಾವಳಿಯ ಕೆಲಸಗಾರರು ಮಸೀದಿಗಾಗಲಿ ಬಸದಿಗಾಗಲಿ ಇಳಿಜಾರು ಮಾಡನ್ನೇ ಕಟ್ಟುತ್ತಿದ್ದರು. ನೀರು ನಿಲ್ಲಬಾರದು, ಮುರಕಲ್ಲಿನ ಗೋಡೆ ನೆನೆಯಬಾರದು, ಅಷ್ಟೆ. ಅದು ಮಳೆಯ ಲೆಕ್ಕ, ಮತದ ಗುರುತಲ್ಲ. ನಾವು ‘ಅಜ್ಜನ ಅಜ್ಜನ ಕಾಲದ್ದು’ ಎನ್ನುವ ಮಂಗಳೂರು ಹೆಂಚಿಗಾದರೂ ವಯಸ್ಸೆಷ್ಟು? ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದುದು 1865ರಲ್ಲಿ. ಅದಕ್ಕೆ ಮುಂಚೆ ಹುಲ್ಲು, ಮಡಲಿನ ಮಾಡುಗಳೇ ಹೆಚ್ಚು. ಕ್ರೈಸ್ತ ಮಿಶನರಿಗಳ ಹೆಂಚು ಮಸೀದಿಯ ಮಾಡಿಗೇರಿದುದನ್ನು ಇಂದು ಯಾರೂ ಪ್ರಶ್ನಿಸುವುದಿಲ್ಲ!

ಆದುದರಿಂದ ಜಮಾಅತಿನವರು ಕೇಳಬೇಕಾದುದು ‘ಮಸೀದಿಯ ಹಾಗೆ ಕಾಣುತ್ತದೆಯೇ’ ಎಂಬುದನ್ನಲ್ಲ. ನಮಾಝಿಗೆ ಜಾಗ ಸಾಲದಿದ್ದರೆ ವಿಸ್ತರಿಸಲಿ; ಸಹಾಬಿಗಳೂ ವಿಸ್ತರಿಸಿದ್ದಾರೆ. ಗುಂಬಝ್ ಇಲ್ಲವೆಂಬುದಕ್ಕಾಗಿ ಗಟ್ಟಿ ಗೋಡೆಯನ್ನು ಕೆಡವುವುದು ಮಾತ್ರ ದುಂದು. ಕೆಡವಲೇಬೇಕಾದರೆ ಮೊದಲು ಅಳತೆ ತೆಗೆದು, ಫೋಟೋ ಹಿಡಿದು, ಆ ತೊಲೆಗಳನ್ನು ಯಾರು ಹೊತ್ತು ತಂದರೆಂದು ಹಿರಿಯರಲ್ಲಿ ಕೇಳಿ ಬರೆದಿಡಲಿ. ಹೊಸ ಕಾಂಕ್ರೀಟ್ ತಾರಸಿ ಕೆಲವೇ ಮಳೆಗಾಲಗಳಲ್ಲಿ ಸೋರತೊಡಗಿ, ಅದರ ಮೇಲೆ ತಗಡಿನ ಇಳಿಜಾರು ಮಾಡು ಹೊದೆಸಿರುವುದನ್ನು ನಾವು ಎಷ್ಟು ಕಡೆ ನೋಡಿಲ್ಲ!