ಗುರಿಯನ್ನು ಕಾಲಿಗೆ ಕೊಡು

ಮೂರು ತಿಂಗಳಲ್ಲಿ ಹತ್ತು ಕೆ.ಜಿ. ಇಳಿಸಬೇಕು ಅಂತ ಹೊರಟಿದ್ದೀಯಂತೆ, ಸಂತೋಷ ಮಗ. ಆದರೆ ತೂಕದ ಮುಳ್ಳು ನಿನ್ನ ಮಾತು ಕೇಳುವುದಿಲ್ಲ. ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದರೆ ಮೈಯಲ್ಲಿ ನೀರು ನಿಂತು ಬೆಳಿಗ್ಗೆ ಮುಳ್ಳು ಮೇಲೇರಿರುತ್ತೆ. ಅಷ್ಟಕ್ಕೇ ಕೈಚೆಲ್ಲಿದ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಕಾಲಾದರೆ ಹೇಳಿದ ಮಾತು ಕೇಳುತ್ತೆ. ಬರುವ ದಸರೆಯೊಳಗೆ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಲ್ಲೇ, ಎಲ್ಲೂ ಕೂರದೆ ಹತ್ತುತ್ತೇನೆ ಅಂದುಕೋ.

ಸಾವಿರ ಮೆಟ್ಟಿಲು ಅದು. ಮೊದಲ ಭಾನುವಾರವೇ ದೇವಸ್ಥಾನ ಮುಟ್ಟುವ ಹಟ ಬೇಡ. ಉಸಿರು ಕಟ್ಟಿ ಒಂದು ಮಾತೂ ಆಡಲಾಗದಿದ್ದರೆ ನಿಧಾನಿಸು. ಕೆಲವು ವಾರ ದಾರಿಯಲ್ಲಿರುವ ನಂದಿ ವಿಗ್ರಹದವರೆಗೆ ಹೋಗಿ ಬಂದರೂ ಸಾಕು. ಇಳಿಯುವಾಗ ಇನ್ನೂ ಹುಷಾರು. ಮೈಭಾರ ತಡೆಯುತ್ತಾ ತೊಡೆಯ ಸ್ನಾಯು ಹಿಗ್ಗುತ್ತೆ, ಅದಕ್ಕೇ ಮಾರನೆಯ ದಿನ, ಅದರ ಮಾರನೆಯ ದಿನ ತೊಡೆ ಹಿಡಿದುಕೊಳ್ಳುವುದು. ಎರಡೂ ತೊಡೆ ನೊಂದರೆ ಹೆದರಬೇಡ, ತಾನಾಗೇ ಹೋಗುತ್ತೆ. ಒಂದೇ ಮಂಡಿ ಚುಚ್ಚಿದರೆ, ಊದಿಕೊಂಡರೆ ನಿಲ್ಲಿಸು. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ಕೂತು ಪಕ್ಕದವರನ್ನು ಕೂಗು, ಡಾಕ್ಟರ ಹತ್ತಿರ ಹೋಗಲು ನಾಳೆಯವರೆಗೆ ಕಾಯಬೇಡ.

ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತೆ. ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಬಲಿಯಲು ತಿಂಗಳುಗಳೇ ಬೇಕು. ಶಕ್ತಿ ಬಂತು ಅನ್ನಿಸಿದ ಹೊತ್ತಲ್ಲೇ ಹುಡುಗರು ಮಂಡಿ ಕೆಡಿಸಿಕೊಳ್ಳುವುದು ಇದರಿಂದ. ಈ ಮಾತನ್ನು ಮಾತ್ರ ಮರೆಯಬೇಡ ಕಣೋ.

ಉಳಿದ ದಿನ ಬಿರುಸಾಗಿ ನಡೆ. ವಾರಕ್ಕೆ ಕಡಿಮೆಯೆಂದರೂ 150 ನಿಮಿಷ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ದಿನ ಬಸ್ಕಿ, ದಂಡ ಹೊಡೆ. ನಮ್ಮ ಗರಡಿಮನೆಯ ಪೈಲ್ವಾನರು ಮೈ ಕಟ್ಟಿದ್ದು ಇವುಗಳಿಂದಲೇ. ಬೇಗ ಮೈ ತುಂಬುತ್ತೆ ಅಂತ ಯಾರಾದರೂ ಇಂಜೆಕ್ಷನ್ ತೋರಿಸಿದರೆ ಅವನ ಸಹವಾಸವನ್ನೇ ಬಿಡು. ಹೃದಯ, ಪಿತ್ತಜನಕಾಂಗ ಎರಡನ್ನೂ ತಿಂದುಹಾಕುವ ವಿಷ ಅದು. ಮುದ್ದೆ, ಹುರುಳಿ ಸಾರು, ಮೊಳಕೆಕಾಳು, ಮೊಟ್ಟೆ ತಿನ್ನು. ಊಟಕ್ಕೆ ಕತ್ತರಿ ಹಾಕಬೇಡ, ನಿದ್ದೆಗೂ ಬೇಡ.

ಪರೀಕ್ಷೆ, ಮದುವೆ, ಜ್ವರ ಅಂತ ನಡುವೆ ತಪ್ಪೇ ತಪ್ಪುತ್ತೆ. ವಾರಗಟ್ಟಲೆ ಬಿಟ್ಟಿದ್ದರೆ ನಿಲ್ಲಿಸಿದಲ್ಲಿಂದ ಶುರು ಮಾಡಬೇಡ, ಅದರ ಅರ್ಧದಿಂದ ಹಿಡಿ.

ಇನ್ನೊಂದು. ನಿಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಬೀದಿಯಲ್ಲಿ ನಡೆಸಿಕೊಂಡು ಬಾ, ಸಕ್ಕರೆ ಅಷ್ಟಾಗಿ ಏರುವುದಿಲ್ಲ. ನಾನು ಹೇಳಿದರೆ ಅವನು ಕೇಳುವುದಿಲ್ಲ, ನೀನು ಕರೆದರೆ ಬರುತ್ತಾನೆ.